ಮಹಾನಂದಾಳ ಹಾಜರಿ

ಹೆಂಡತಿಯ ಹುಟ್ಟಿದ ತಾರೀಖನ್ನು ಅವಳ ಅಕ್ಕನಿಗೆ ಬಾಯಿಪಾಠ ಮಾಡಿಸುವ ಕೆಲಸ ತನ್ನ ಹಣೆಯಲ್ಲಿ ಬರೆದಿದೆ ಎಂದು ಕುಬೇರಪ್ಪನಿಗೆ ಅರವತ್ತೆಂಟು ವರ್ಷ ಗೊತ್ತೇ ಇರಲಿಲ್ಲ. ಯರಗುಪ್ಪಿಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವನೂ ಮಹಾದೇವಕ್ಕನೂ ನಡುವೆ ಒಂದು ಕೈಚೀಲ ಇಟ್ಟುಕೊಂಡು ಕೂತಿದ್ದರು. ಎಂಟೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನಿಗೆ ಆಗಲೇ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವಳು ಮಾತ್ರ ತವರಿಗೆ ಹೊರಟವಳ ಹಾಗೆ ಆರಾಮಾಗಿ ಎಲೆ ಅಡಿಕೆ ಜಗಿಯುತ್ತಿದ್ದಳು.

“ಹುಟ್ಟಿದ್ದು?” ಎಂದ, ಎದುರಿನ ಕಿರಾಣಿ ಅಂಗಡಿಯ ಬೋರ್ಡಿನ ಕಡೆ ನೋಡುತ್ತ.

“ಜೂನ್ ಒಂದು, ಅರವತ್ತೆರಡು.”

“ಲಗ್ನ?”

“ಎಂಬತ್ತೊಂದು. ಮೇ ತಿಂಗಳು.”

“ಗಂಡನ ಹೆಸರು?”

“ಕುಬೇರಪ್ಪ ಸಂಗಪ್ಪ ಹೊಸಮನಿ. ಇದನ್ನೂ ಕಲಸಬೇಕೇನೋ ನನಗ?”

ತಡವರಿಸದೆ ಬಂದ ಉತ್ತರಕ್ಕೆ ಕುಬೇರಪ್ಪ ಒಳಗೇ ಪಾಸ್ ಎಂದು ಗುರುತು ಹಾಕಿದ. ಮೂವತ್ತಾರು ವರ್ಷ ಅವನು ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಮಾಡಿದ್ದು ಅದನ್ನೇ. ಎದುರಿಗೆ ಬಂದ ವಾಲ್ವುಗಳನ್ನು ಒಂದೊಂದಾಗಿ ಎತ್ತಿ, ಅಳತೆ ಹಿಡಿದು, ಪಾಸು ಅಥವಾ ನಪಾಸು ಎಂದು ಸುಣ್ಣದ ಕಡ್ಡಿಯಿಂದ ಗೀರುವುದು. ತಪಾಸಣೆ ವಿಭಾಗದ ಹೊಸಮನಿ ಎಂದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಬಿಡದ ಆಸಾಮಿ ಎಂದು ಹೆಸರಾಗಿತ್ತು. ಅಂಥವನು ಇವತ್ತು ಹೆಂಡತಿಯ ಅಕ್ಕನನ್ನು ಹೆಂಡತಿಯ ಅಳತೆಗೆ ತರಲು ಬೆಳಗಿನಿಂದ ಒದ್ದಾಡುತ್ತಿದ್ದಾನೆ. ತಾರೀಖು ಕಲಿಸುವುದಂತೂ ಕಷ್ಟವಾಗಿರಲಿಲ್ಲ. ಆ ಕಾಲದ ಕುಬಿಹಾಳದ ಮಾಸ್ತರರು ಶಾಲೆಗೆ ಬಂದ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಹಂಚಿದ್ದರು, ಹಾಗಾಗಿ ಅಕ್ಕತಂಗಿ ಇಬ್ಬರೂ ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ಐವತ್ತೇಳರ ಜಾಗದಲ್ಲಿ ಅರವತ್ತೆರಡು ಎಂದರೆ ಮುಗಿಯಿತು. ಐದು ವರ್ಷ ಸಣ್ಣವಳಾಗಲು ಯಾವ ಹೆಂಗಸು ಒಲ್ಲೆ ಎಂದಾಳು ಎಂದು ಮಹಾದೇವಕ್ಕ ನಿನ್ನೆಯೇ ನಕ್ಕಿದ್ದಳು. ಆಗ ಅವನಿಗೆ ನಗು ಬಂದಿರಲಿಲ್ಲ, ಈಗಲೂ ಬರಲಿಲ್ಲ.

ಕಂಪನಿಯಿಂದ ಕಾಗದ ಬಂದು ಹದಿನೈದು ದಿನವಾಗಿತ್ತು. ನಿವೃತ್ತರೂ ಅವರ ಹೆಂಡಂದಿರೂ ಖುದ್ದಾಗಿ ಹಾಜರಾಗಿ ಮುಖ ತೋರಿಸಬೇಕು, ಕುಂದಗೋಳ ತಾಲೂಕಿನವರಿಗೆ ಕುಂದಗೋಳದ ಕಲ್ಯಾಣ ಮಂಟಪದಲ್ಲಿ ವ್ಯವಸ್ಥೆ ಮಾಡಲಾಗಿದೆ, ಹಾಜರಾಗದವರ ಹೆಸರನ್ನು ಔಷಧದ ಪುಸ್ತಕದಿಂದ ತೆಗೆಯಲಾಗುವುದು. ಕಾಗದ ಓದಿದ ಕೂಡಲೇ ಕುಬೇರಪ್ಪ ಪುಸ್ತಕ ತೆಗೆದು ಮೊದಲ ಪುಟ ನೋಡಿದ. ಔಷಧದ ಪುಸ್ತಕವೆಂದರೆ ನೀಲಿ ರಟ್ಟಿನ, ಅಂಗೈಯಗಲದ ಒಂದು ಪುಸ್ತಕ. ಮೊದಲ ಪುಟದಲ್ಲಿ ಗಂಡಹೆಂಡತಿಯ ಫೋಟೋ, ಮುಂದಿನ ಪುಟಗಳಲ್ಲಿ ಕಂಪನಿಯ ಡಾಕ್ಟರು ಬರೆದ ಗುಳಿಗೆಗಳ ಹೆಸರು. ಮೂರು ತಿಂಗಳಿಗೊಮ್ಮೆ ಅದನ್ನು ಒಯ್ದು ಗೊತ್ತುಮಾಡಿದ ಮೆಡಿಕಲ್ ಅಂಗಡಿಯಲ್ಲಿ ತೋರಿಸಿದರೆ ಬದುಕಿರುವ ತನಕ ಗುಳಿಗೆ ಪುಕ್ಕಟೆ. ಅವನಿಗೆ ಬಿಪಿಯದು ಒಂದು, ಮಹಾನಂದಾಳಿಗೆ ಹೃದಯದ್ದು ಎರಡು. ಮಹಾನಂದಾ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಪುಸ್ತಕದಲ್ಲಿ ಮಾತ್ರ ಅವಳು ತಪ್ಪದೆ ಗುಳಿಗೆ ನುಂಗುತ್ತಿದ್ದಳು.

ಅದು ಮೋಸವೆಂದು ಶುರುವಾದದ್ದೇ ಅಲ್ಲ ಎಂದು ಅವನು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಾನೆ. ಹೆಂಡತಿಯನ್ನು ಮಣ್ಣು ಮಾಡಿ ಇಪ್ಪತ್ತು ದಿನವಾಗಿತ್ತು. ತನ್ನ ಗುಳಿಗೆ ಮುಗಿದಿತ್ತೆಂದು ಮೆಡಿಕಲ್ ಅಂಗಡಿಗೆ ಹೋಗಿದ್ದ. ಅಂಗಡಿಯವನು ಪುಸ್ತಕ ತಿರುವುತ್ತ “ಅಮ್ಮಾರು ಆರಾಮ ಅದಾರೇನ್ರಿ?” ಎಂದ. ಆ ಇಪ್ಪತ್ತು ದಿನದಲ್ಲಿ ಕಂಡವರೆಲ್ಲ ಅವನೆದುರು ಮುಖ ಸಣ್ಣದು ಮಾಡಿ ನಿಂತಿದ್ದರು. ಹೇಗಾಯಿತು, ಯಾವಾಗಾಯಿತು ಎಂದು ಎಷ್ಟು ಮಂದಿಗೆ ಹೇಳಿದ್ದನೋ ಲೆಕ್ಕವಿರಲಿಲ್ಲ. ಇವನೊಬ್ಬ ಮಾತ್ರ ಏನೂ ಆಗಿಲ್ಲವೆಂಬಂತೆ ಕೇಳಿದ್ದ. ಕುಬೇರಪ್ಪನ ಬಾಯಿಂದ “ಆರಾಮ” ಎಂಬ ಮಾತು ಬಂದುಬಿಟ್ಟಿತು. ಬಂದ ಮೇಲೆ ಅಂಗಡಿಯ ಫ್ಯಾನಿನ ಕೆಳಗೆ ನಿಂತು, ನಿಜಕ್ಕೂ ಅವಳು ಮನೆಯಲ್ಲಿ ಆರಾಮವಾಗಿ ಕೂತು ಅಕ್ಕಿ ಆರಿಸುತ್ತಿರುವಂತೆ ಒಂದು ನಿಮಿಷ ಎನಿಸಿ, ಎಷ್ಟು ಹಿತವಾಯಿತೆಂದರೆ, ಅಂಗಡಿಯವನು ಎರಡೂ ಪೊಟ್ಟಣ ಕಟ್ಟಿಕೊಟ್ಟಾಗ ಬೇಡವೆನ್ನಲು ನಾಲಿಗೆ ಏಳಲಿಲ್ಲ. ಮನೆಗೆ ಬಂದು ಅವಳ ಪೊಟ್ಟಣವನ್ನು ಅವಳು ಇಡುತ್ತಿದ್ದ ಗೂಡಿನಲ್ಲೇ ಇಟ್ಟ. ಮೂರನೆಯ ದಿನ ಮಹಾದೇವಕ್ಕ ಬಂದು ಯಾವತ್ತಿನಂತೆ ತೆಗೆದುಕೊಂಡು ಹೋದಳು.

ಯಾವತ್ತಿನಂತೆ ಎಂದರೆ, ಮಹಾನಂದಾ ಬದುಕಿದ್ದಾಗಿನಂತೆ. ಇಬ್ಬರೂ ಕುಬೇರಪ್ಪನ ಸೋದರಮಾವನ ಮಕ್ಕಳು, ಕುಬಿಹಾಳದಿಂದ ಯರಗುಪ್ಪಿಗೇ ಸೊಸೆಯಂದಿರಾಗಿ ಬಂದವರು, ಎರಡು ಓಣಿ ಆಚೆ ಈಚೆ. ತಂದೆಯಿಂದ ಇಬ್ಬರಿಗೂ ಬಂದದ್ದು ಒಂದೇ ಬಗೆಯ ಕೆಟ್ಟ ಹೃದಯ, ಡಾಕ್ಟರು ಬರೆದದ್ದೂ ಅವೇ ಗುಳಿಗೆ. ಒಂದು ಗುಳಿಗೆ ಸರಕಾರಿ ದವಾಖಾನೆಯಲ್ಲಿ ಸಿಗುತ್ತಿತ್ತು. ಇನ್ನೊಂದು ಸಿಗುತ್ತಿರಲಿಲ್ಲ; ಅದರ ಹತ್ತು ಗುಳಿಗೆಯ ಒಂದು ಪಟ್ಟಿಗೆ ಮಹಾದೇವಕ್ಕನ ವಿಧವಾ ವೇತನದ ಅರ್ಧ ಹಾರಿಹೋಗುತ್ತಿತ್ತು. ಮಗ ಮಂದಿಯ ಟ್ರ್ಯಾಕ್ಟರ್ ಹೊಡೆಯುವವನು, ಅವನ ಹೆಂಡತಿ ಮಕ್ಕಳಿಗೇ ಸಾಲದು. ಆದ್ದರಿಂದ ಮಹಾನಂದಾ ತನ್ನ ಗುಳಿಗೆಯನ್ನು ಅಕ್ಕನೊಂದಿಗೆ ಹಂಚಿಕೊಳ್ಳುತ್ತಿದ್ದಳು. ಒಂದು ದಿನ ನನಗ, ಒಂದು ದಿನ ನಿನಗ. ಕುಬೇರಪ್ಪ ಒಮ್ಮೆ ಬೈದು ನೋಡಿದ್ದ, ಇಷ್ಟೇ ತಿನ್ನಬೇಕು ಅಂತ ಡಾಕ್ಟರು ಅಳತೆ ಮಾಡಿ ಬರೆದಿರುತ್ತಾರೆ ಎಂದಿದ್ದ. ಅವಳು ಈಳಿಗೆಯಿಂದ ಮುಖ ಎತ್ತದೆ, “ನಿಮ್ಮ ಅಳತಿ ಕಾರ್ಖಾನ್ಯಾಗ ಇಟಗೊಳ್ರಿ” ಎಂದಿದ್ದಳು. ಆಮೇಲೆ ಅವನು ಕೇಳಲಿಲ್ಲ. ಕೇಳಬೇಕಿತ್ತೇ? ಅವಳು ಹೋದ ದಿನ ದವಾಖಾನೆಯಲ್ಲಿ ಡಾಕ್ಟರು ಗುಳಿಗೆ ಸರಿಯಾಗಿ ತಿನ್ನುತ್ತಿದ್ದರೇ ಎಂದಾಗ ಹೌದೆಂದು ತಲೆಯಾಡಿಸಿದ್ದ. ಡಾಕ್ಟರು ಈ ವಯಸ್ಸಿನಲ್ಲಿ ಹಾಗೆಯೇ, ಎಂದುಬಿಟ್ಟರು. ಆ ತಲೆಯಾಡಿಸಿದ್ದು ಈಗಲೂ ಸ್ನಾನ ಮಾಡುವಾಗ, ಎಮ್ಮೆಗೆ ನೀರು ಕುಡಿಸುವಾಗ, ಹೀಗೆ ಬಸ್ಸಿಗೆ ಕಾಯುವಾಗ ನೆನಪಾಗುತ್ತದೆ. ಅಷ್ಟರಲ್ಲಿ ಬಸ್ಸು ಬಂದಿತು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಕಂಡಕ್ಟರ್ ಬಂದಾಗ ಮಹಾದೇವಕ್ಕ ಸೆರಗಿನ ಗಂಟಿನಿಂದ ಎರಡು ಕಾರ್ಡು ತೆಗೆದಳು, ಒಂದು ತನ್ನದು, ಒಂದು ತಂಗಿಯದು. ಕುಬೇರಪ್ಪ ನೋಡನೋಡುತ್ತಿದ್ದಂತೆ ತನ್ನದನ್ನು ಒಳಗಿಟ್ಟು ತಂಗಿಯದನ್ನು ಮುಂದೆ ಹಿಡಿದಳು. ಕಂಡಕ್ಟರ್ ಕಾರ್ಡಿನ ಕಡೆ ಅರೆಗಣ್ಣು ಹಾಯಿಸಿ, ಯಂತ್ರ ಒತ್ತಿ, ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟು ಮುಂದೆ ಹೋದ.

“ಏನ್ ಮಾಡಿದಿ ನೀ?” ಎಂದ ಕುಬೇರಪ್ಪ ಹಲ್ಲು ಕಚ್ಚಿ.

“ಮೊದಲನೇ ಪರೀಕ್ಷಾ ಪಾಸ್ ಆತು ನೋಡು” ಎಂದಳು. “ನೀ ಸುಮ್ನ ಅಂಜತಿ, ಕುಬೇರಪ್ಪ. ಯಾರೂ ಯಾರನ್ನೂ ಅಷ್ಟ ನೋಡೂದಿಲ್ಲ.”

ಅವಳು ಕಿಟಕಿಯ ಕಡೆ ತಿರುಗಿ, ದಾರಿಯುದ್ದಕ್ಕೂ ಯಾರ ಹೊಲದ ಹೆಸರಿನ ಬೆಳೆ ಒಣಗಿದೆ, ಯಾರ ಮೆಣಸಿನಗಿಡ ಹೂ ಬಿಟ್ಟಿದೆ ಎಂದು ಹೇಳುತ್ತ ಹೋದಳು. ಕುಬೇರಪ್ಪನಿಗೆ ಆ ಸೊನ್ನೆಯ ಚೀಟಿಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಯಾರೂ ಯಾರನ್ನೂ ಅಷ್ಟು ನೋಡುವುದಿಲ್ಲ ಎಂಬುದು ಸುಳ್ಳು. ಅವನು ನೋಡಿದ್ದಾನೆ. ಮಹಾನಂದಾಳ ಎಡಹುಬ್ಬಿನ ತುದಿಯಲ್ಲಿ ಕೂದಲಿರಲಿಲ್ಲ, ಚಿಕ್ಕವಳಿದ್ದಾಗ ಕುಂಟೆಬಿಲ್ಲೆ ಆಡುತ್ತ ಬಿದ್ದದ್ದು. ನಗುವಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಇವಳದು ಬಾಯಿ ತೆರೆದ ನಗು, ಹುಬ್ಬು ಪೂರಾ ಇದೆ. ತಾನು ಆ ಮಂಟಪದಲ್ಲಿ ಮೇಜಿನ ಆಚೆ ಕೂತಿದ್ದರೆ ಇವಳನ್ನು ಒಂದೇ ನೋಟಕ್ಕೆ ನಪಾಸು ಮಾಡುತ್ತಿದ್ದೆ ಎಂದುಕೊಂಡ. ಮನೆಯಲ್ಲಿ ಮಗ ಪ್ರಭುವಿಗೆ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಬಂದಿದ್ದ. ಹೊರಡುವಾಗ ಗೋಡೆಯ ಮೇಲಿನ ಹೆಂಡತಿಯ ಫೋಟೋಕ್ಕೆ ಕೈ ಮುಗಿಯುವುದನ್ನೂ ಬಿಟ್ಟು ಬಂದಿದ್ದ. ಕೈ ಮುಗಿದರೆ ಅವಳು ಏನಾದರೂ ಕೇಳಿಯಾಳು ಎಂಬಂತೆ. ಎಷ್ಟು ಹುಚ್ಚುತನ.

ಕುಂದಗೋಳದಲ್ಲಿ ಇಳಿದ ಮೇಲೆ ನಿಜವಾದ ಮುಜುಗರ ಶುರುವಾಯಿತು. ಮಹಾದೇವಕ್ಕ ಗಂಡನನ್ನು ಕಳೆದುಕೊಂಡು ಹತ್ತೊಂಬತ್ತು ವರ್ಷ. ಹಣೆಯಲ್ಲಿ ವಿಭೂತಿ ಬಿಟ್ಟರೆ ಬೇರೆ ಇಲ್ಲ, ಕೊರಳಲ್ಲಿ ಲಿಂಗದ ದಾರ ಬಿಟ್ಟರೆ ಬೇರೆ ಇಲ್ಲ. ಫೋಟೋದಲ್ಲಿರುವ ಮಹಾನಂದಾಳಿಗೆ ಕುಂಕುಮವಿದೆ, ತಾಳಿಯಿದೆ. ಊರಲ್ಲಿ ಅವನ್ನು ಹಾಕಿಕೊಂಡು ಮನೆಯಿಂದ ಹೊರಬಿದ್ದಿದ್ದರೆ ಓಣಿಯ ನಾಯಿಗಳೂ ಹಿಂದೆ ಬರುತ್ತಿದ್ದವು. ಇಬ್ಬರೂ ಈ ಮಾತನ್ನು ಮುಂಚೆ ಆಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೊರಗೆ ಬಳೆ ಅಂಗಡಿ ಇಟ್ಟ ಜುಲೇಖಾಬಿಯ ಮುಂದೆ ಮಹಾದೇವಕ್ಕ ತಾನೇ ನಿಂತು, “ಒಂದು ಕರಿಮಣಿ ಸರ ತೋರಸವ್ವಾ, ಹಗೂರಂದು. ಒಂದು ಟಿಕಳಿ ಪಾಕೀಟು” ಎಂದಳು. “ಯಾರಿಗ್ರಿ?” ಎಂದು ಜುಲೇಖಾಬಿ ಕೇಳಿದಾಗ, “ನಮ್ಮ ತಂಗೀಗೆ” ಎಂದಳು. ಅದು ಸುಳ್ಳಾಗಿರಲಿಲ್ಲ. ಕುಬೇರಪ್ಪ ದುಡ್ಡು ಕೊಡಲು ಮುಂದೆ ಬಂದರೆ ಕೈಯಿಂದ ದೂಡಿ ತಾನೇ ಕೊಟ್ಟಳು.

ಮಂಟಪದ ಹಿಂದಿನ ಬಚ್ಚಲುಮನೆಯಿಂದ ಅವಳು ಹೊರಬಂದಾಗ ಕುಬೇರಪ್ಪ ನೆಲ ನೋಡಿದ. ಕೆಂಪು ಟಿಕಳಿ ಹಣೆಯ ನಡುವಿಗಿಂತ ತುಸು ಬಲಕ್ಕೆ ಅಂಟಿತ್ತು. “ಛಂದ ಕೂತೈತೇನ್ ನೋಡು, ಒಳಗ ಕನ್ನಡಿ ಇಲ್ಲ” ಎಂದಳು. ಅವನು ನೋಡದೆಯೇ ಹೂಂ ಎಂದ. ಅವಳು ತನ್ನ ಮುಖವನ್ನು ಮೊಬೈಲಿನ ಕರಿ ಗಾಜಿನಲ್ಲಿ ನೋಡಿಕೊಂಡು, ಟಿಕಳಿಯನ್ನು ಕಿತ್ತು ಸರಿಯಾಗಿ ಅಂಟಿಸಿಕೊಂಡು, ಹಾಗೆಯೇ ಒಂದು ಗಳಿಗೆ ನೋಡುತ್ತ ನಿಂತಳು. ಇದೆಲ್ಲ ನನ್ನಿಂದ, ಎಂದು ಅವನಿಗೆ ಅನ್ನಿಸಿತು. ಮೂರು ತಿಂಗಳ ಗುಳಿಗೆಗಾಗಿ ಈ ವಯಸ್ಸಿನಲ್ಲಿ ಇವಳಿಗೆ ಕಳ್ಳತಾಳಿ ಕಟ್ಟಿಸಿದೆನಲ್ಲ ಎಂದು ನಾಚಿಕೆಯಾಯಿತು. “ಮಾದೇವಕ್ಕ, ಬ್ಯಾಡಂದ್ರ ಹೊಳ್ಳಿ ಹೋಗೂಣು” ಎಂದ. ಅವಳು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹೊಳ್ಳಿ ಹೋಗಿ ಏನ್ ತಿನ್ನಲಿ, ನಿನ್ನ ಬಿಪಿ ಗುಳಗಿ?” ಎಂದು ಮುಂದೆ ನಡೆದಳು. ಅವಳು ಮೆಟ್ಟಿಲು ಹತ್ತುತ್ತ ಎರಡು ಸಲ ನಿಂತು ಉಸಿರು ಎಳೆದುಕೊಂಡದ್ದನ್ನು ಅವನು ಹಿಂದಿನಿಂದ ನೋಡಿದ. ಕಳೆದ ಎಂಟು ದಿನದಿಂದ ಅವಳ ಬಳಿ ಆ ಗುಳಿಗೆ ಇರಲಿಲ್ಲ. ಹಾಜರಿಯಾಗುವ ತನಕ ಯಾರಿಗೂ ಔಷಧ ಕೊಡಕೂಡದೆಂದು ಕಂಪನಿ ಅಂಗಡಿಯವನಿಗೆ ತಿಳಿಸಿತ್ತು.

ಒಳಗೆ ಮದುವೆಗೆ ಕೂತವರ ಹಾಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಿವೃತ್ತರು ಜೋಡಿಜೋಡಿಯಾಗಿ ಕೂತಿದ್ದರು. ವಧೂವರರು ಕೂರುವ ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ಕನ್ನಡಕ ಹಾಕಿದ ಒಬ್ಬ ಹುಡುಗಿ. ಅವಳ ಬೆನ್ನಿಗೆ ಹೋದ ವಾರದ ಮದುವೆಯ ಬಣ್ಣದ ಕಾಗದದ ಹೂಗಳು ಇನ್ನೂ ಜೋತುಬಿದ್ದಿದ್ದವು. ಕುಬೇರಪ್ಪ ಕೊನೆಯ ಸಾಲಿನ ಮೂಲೆ ಹುಡುಕಿದ. ಅಲ್ಲೇ ಸಿಕ್ಕಿಬಿದ್ದ.

“ಏ ಮಾದೇವಕ್ಕಾ! ನೀ ಏನ್ ಇಲ್ಲೆ?”

ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲಿದ್ದ ಹನಮಂತಪ್ಪ. ಕುಬಿಹಾಳದವನು, ಅಕ್ಕತಂಗಿ ಇಬ್ಬರನ್ನೂ ಲಂಗ ಹಾಕುತ್ತಿದ್ದಾಗಿನಿಂದ ಬಲ್ಲವನು, ಮಹಾನಂದಾಳ ಮಣ್ಣಿಗೂ ಬಂದಿದ್ದವನು. ಹನಮಂತಪ್ಪ ಮಹಾದೇವಕ್ಕನ ಹಣೆ ನೋಡಿದ, ಕೊರಳು ನೋಡಿದ, ಕುಬೇರಪ್ಪನ ಕೈಯಲ್ಲಿದ್ದ ನೀಲಿ ಪುಸ್ತಕ ನೋಡಿದ. ಅವನ ಮುಖದ ಮೇಲೆ ನಗು ನಿಧಾನವಾಗಿ ಹರಡಿತು. ಎಷ್ಟೋ ವರ್ಷ ಕುಬೇರಪ್ಪ ಅವನು ಕಡೆದ ಕೆಲಸವನ್ನು ನಪಾಸು ಮಾಡಿ, ಎಲ್ಲರೆದುರು ಹಿಂದಕ್ಕೆ ಕಳಿಸಿದ್ದ. ಕಣ್ಣಿಗೆ ಕಾಣದ ಗೀರಿಗೆ, ಕೂದಲೆಳೆಯ ವ್ಯತ್ಯಾಸಕ್ಕೆ. ಹನಮಂತಪ್ಪ ಈಗ ಎದ್ದು ಹತ್ತಿರ ಬಂದು, ತಲೆ ಓರೆ ಮಾಡಿ ಮಹಾದೇವಕ್ಕನನ್ನು ಅಡಿಯಿಂದ ಮುಡಿಯ ತನಕ ಪರೀಕ್ಷಿಸಿ, ಕುಬೇರಪ್ಪನ ಕಿವಿಯಲ್ಲಿ, “ಹೊಸಮನಿ, ಅಳತಿ ಒಂದೀಟ ತಪ್ಪೇತಿ. ಆದ್ರೂ ಪಾಸ್ ಮಾಡೇನಿ, ಹೋಗು” ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, “ಮಹಾನಂದವ್ವಾರ, ಆರಾಮೇನ್ರಿ?” ಎಂದು ಕೈ ಮುಗಿದು ತನ್ನ ಕುರ್ಚಿಗೆ ಹೋಗಿ ಕೂತ. ಇವನು ಸಾಯುವ ತನಕ ಇದನ್ನು ಹೇಳಿಕೊಂಡು ನಗುತ್ತಾನೆ ಎಂದುಕೊಂಡ ಕುಬೇರಪ್ಪನಿಗೆ, ಆ ಅವಮಾನದಲ್ಲೂ, ತಾನು ಅವನ ಒಂದು ತುಂಡನ್ನಾದರೂ ಸುಮ್ಮನೆ ಪಾಸು ಮಾಡಬಹುದಿತ್ತು ಎನಿಸಿತು.

ಅವರ ಸರದಿ ಬಂದಾಗ ಹನ್ನೊಂದು ದಾಟಿತ್ತು. ಹುಡುಗಿಯ ಹೆಸರು ಸುಧಾರಾಣಿ ಎಂದು ಕೊರಳಿನ ಪಟ್ಟಿ ಹೇಳುತ್ತಿತ್ತು. ನವಲಗುಂದದ ಕಡೆಯ ಮಾತು. ಕುಬೇರಪ್ಪನ ಮುಖವನ್ನು ಫೋಟೋದೊಂದಿಗೆ ಹೋಲಿಸಿ, ಬೆರಳು ಒತ್ತಿಸಿಕೊಂಡು, ಅವನದನ್ನು ಮುಗಿಸಿದಳು. ಹೆಂಡಂದಿರ ಬೆರಳು ಕಂಪನಿಯಲ್ಲಿ ಇರಲಿಲ್ಲ, ಅವರಿಗೆ ಬರೀ ಫೋಟೋ ಮತ್ತು ನಾಲ್ಕು ಪ್ರಶ್ನೆ. ಮಹಾದೇವಕ್ಕ ಮುಂದೆ ಸರಿದು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಫೋಟೋ ಹನ್ನೆರಡು ವರ್ಷ ಹಳೆಯದು, ಅಕ್ಕತಂಗಿಯರ ಮೂಗು ಒಂದೇ ಎರಕದ್ದು. ಸುಧಾರಾಣಿ ಫೋಟೋ ನೋಡಿದಳು, ಮುಖ ನೋಡಿದಳು, ಮುಂದಕ್ಕೆ ಹೋದಳು.

“ಹುಟ್ಟಿದ ತಾರೀಖು ಹೇಳ್ರಿ ಅಮ್ಮಾರ.”

“ಜೂನ್ ಒಂದು, ಅರವತ್ತೆರಡು.”

“ಏನೇನ್ ಗುಳಗಿ ತಗೋತೀರಿ?”

“ಎದೀದು, ಎರಡು. ಒಂದು ಬಿಳೀದು, ಒಂದು ಗುಲಾಬಿ. ಗುಲಾಬೀದು ತಪ್ಪಿಸಿದ್ರ ದಮ್ಮು ಹತ್ತತೈತಿ” ಎಂದಳು ಮಹಾದೇವಕ್ಕ. ಇದನ್ನು ಯಾರೂ ಕಲಿಸಿರಲಿಲ್ಲ.

“ಯಜಮಾನ್ರ ಹೆಸರು?”

“ಕುಬೇರಪ್ಪ ಸಂಗಪ್ಪ ಹೊಸಮನಿ.”

ಸುಧಾರಾಣಿಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಕುಬೇರಪ್ಪನಿಗೆ ತಕ್ಷಣ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾವಳೋ ಮುದುಕಿ “ಅಯ್ಯ ನಮ್ಮವ್ವಾ” ಎಂದು ಬಾಯಿ ಮೇಲೆ ಸೆರಗು ಇಟ್ಟುಕೊಂಡಾಗ ತಿಳಿಯಿತು. ಈ ಸೀಮೆಯಲ್ಲಿ ಆ ವಯಸ್ಸಿನ ಯಾವ ಹೆಂಗಸು ಗಂಡನ ಹೆಸರನ್ನು ಹೀಗೆ ಶಾಲೆಯ ಹಾಜರಿಯಂತೆ ಕೂಗಿ ಹೇಳುತ್ತಾಳೆ? ನಲವತ್ತಮೂರು ವರ್ಷ ಮಹಾನಂದಾ ಅವನನ್ನು “ಇಲ್ಲೆ ಕೇಳ್ರಿಲ್ಲೆ” ಎಂದು ಕರೆದಿದ್ದಳು. ದವಾಖಾನೆಯಲ್ಲಿ, ರೇಷನ್ ಅಂಗಡಿಯಲ್ಲಿ, ಓಟು ಹಾಕುವಲ್ಲಿ, ಎಲ್ಲಿ ಕೇಳಿದರೂ ಅವನ ಕಡೆ ಗದ್ದ ತೋರಿಸಿ ಸುಮ್ಮನಾಗುತ್ತಿದ್ದಳು. ಮಹಾದೇವಕ್ಕ ಅವನಿಗಿಂತ ಆರೇ ತಿಂಗಳು ಚಿಕ್ಕವಳು, ಮಾವನ ಮನೆಯ ಅಂಗಳದಲ್ಲಿ ಜೊತೆಗೇ ಆಡಿ ಬೆಳೆದವಳು, ಹುಟ್ಟಿದಾಗಿನಿಂದ ಹೆಸರು ಹಿಡಿದೇ ಕರೆದವಳು. ತಾರೀಖು ಕಲಿಸಿದ, ವರ್ಷ ಕಲಿಸಿದ. ಬೆಳಿಗ್ಗೆ ಇದೇ ಉತ್ತರಕ್ಕೆ ಪಾಸು ಎಂದು ಗೀರಿದವನೂ ತಾನೇ.

“ಬೆಳಿಗ್ಗಿಯಿಂದ ಐವತ್ತು ಮಂದಿ ಅಮ್ಮಾರು ಬಂದ್ರು” ಎಂದಳು ಸುಧಾರಾಣಿ ಕನ್ನಡಕ ಸರಿಮಾಡಿಕೊಳ್ಳುತ್ತ. ದನಿ ನಗೆಯದೇ, ಆದರೆ ಕಣ್ಣು ಮತ್ತೆ ಫೋಟೋದ ಮೇಲೆ ಇಳಿದಿತ್ತು. “ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ರಿ. ಇವರ ಹೆಸರು ನೀವ ಬರಕೋರಿ ಅಂದ್ರು. ನಮ್ಮ ಆಯಿ ಅಂತೂ ಸಾಯೂತನಕ ಅಜ್ಜನ ಹೆಸರ ಹೇಳಲಿಲ್ಲ. ನೀವು ಇವರ ಮನಿಯವರ ಹೌದಲ್ರಿ?”

ಮಹಾದೇವಕ್ಕ ಕೊರಳ ಕರಿಮಣಿ ಸರವನ್ನು ಬೆರಳಿಗೆ ಸುತ್ತಿಕೊಂಡಳು. ಸುಧಾರಾಣಿ ಫೋಟೋವನ್ನು ಬೆಳಕಿಗೆ ಎತ್ತಿ ಹಿಡಿದಳು. ಈಗ ಹುಬ್ಬು ನೋಡುತ್ತಾಳೆ, ಎಂದುಕೊಂಡ. ಹೇಳಿಬಿಡುವುದು ಒಳ್ಳೆಯದು. ಇಲ್ಲವ್ವಾ, ಇಕಿ ಅಕಿ ಅಲ್ಲ, ಅಕಿ ಹೋಗಿ ಹದಿನಾಲ್ಕು ತಿಂಗಳಾತು. ಹೇಳಿದರೆ ಮಹಾನಂದಾ ಕಾಗದದ ಮೇಲೂ ಸಾಯುತ್ತಾಳೆ, ತನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ, ಮೆಡಿಕಲ್ ಅಂಗಡಿಯವನ ಮುಂದೆ ಆರಾಮ ಎಂದು ನಗಬೇಕಾಗಿಲ್ಲ. ಗುಲಾಬಿ ಗುಳಿಗೆ ಮಾತ್ರ ಇವತ್ತಿಗೆ ನಿಲ್ಲುತ್ತದೆ. ಮೆಟ್ಟಿಲ ಮೇಲೆ ಎರಡು ಸಲ ನಿಂತ ಈ ಹೆಂಗಸು ಮುಂದಿನ ತಿಂಗಳು ಮೂರು ಸಲ ನಿಲ್ಲುತ್ತಾಳೆ. ತನ್ನ ಕಲ್ಲು ಇಳಿಸಲು ಅವಳ ಉಸಿರು. ಆದರೂ ಕುಬೇರಪ್ಪ ಬಾಯಿ ತೆರೆದ. ಒಂದು ಸಲ ದವಾಖಾನೆಯಲ್ಲಿ ಸುಮ್ಮನೆ ತಲೆಯಾಡಿಸಿ ಬಂದಿದ್ದ; ಮತ್ತೊಂದು ಸಲ ಆಡಿಸುವ ಶಕ್ತಿ ಕುತ್ತಿಗೆಯಲ್ಲಿ ಇರಲಿಲ್ಲ.

“ಮೇಡಂ…” ಎಂದ.

“ಬರೇ ಹೆಸರ ಹೇಳಿದ್ರ ಸಂಶೇ ಬರತೈತ್ಯಾ ನಿನಗ?” ಎಂದಳು ಮಹಾದೇವಕ್ಕ ಅವನ ಮಾತಿನ ಮೇಲೆಯೇ, ಸೆರಗನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆಯುತ್ತ. “ಹಂಗಾರ ಒಡಪ ಹಾಕಿ ಹೇಳತೇನಿ, ಕೇಳವ್ವಾ.”

ಹಿಂದಿನ ಸಾಲುಗಳ ಹೆಂಗಸರು ಕತ್ತು ಮುಂದೆ ಚಾಚಿದರು. ಅಲ್ಲಿದ್ದ ಹೆಂಗಸರೆಲ್ಲ ಒಂದು ಕಾಲಕ್ಕೆ ಗಂಡನ ಮನೆಯ ಹೊಸ್ತಿಲಲ್ಲಿ ನಿಂತು, ಅಡ್ಡಗಟ್ಟಿದ ನಾದಿನಿಯರ ಮುಂದೆ, ಗಂಡನ ಹೆಸರನ್ನು ಪದ್ಯದಲ್ಲಿ ಹೊಸೆದು ಒಡಪು ಹೇಳಿ ಒಳಗೆ ಬಂದವರೇ. ಮಹಾದೇವಕ್ಕ ತಲೆ ತಗ್ಗಿಸಿ, ತನ್ನ ಎಂದಿನ ಗಟ್ಟಿ ದನಿಯನ್ನು ಎಲ್ಲಿಯೋ ಬಿಟ್ಟು, ಸಣ್ಣಗೆ ಹೇಳಿದಳು:

“ಎರಿಹೊಲದಾಗ ಹತ್ತಿ ಒಡದು ಬೆಳದಿಂಗಳಾಗಿ ನಿಂತೇತಿ,
ಕುಬೇರಪ್ಪನವರ ಹೆಸರ ನನ್ನ ನಾಲಿಗಿ ತುದೀಗೆ ಕುಂತೇತಿ.”

ಕುಬೇರಪ್ಪ ಮೇಜಿನ ಅಂಚು ಹಿಡಿದುಕೊಂಡ. ಎಂಬತ್ತೊಂದರ ಮೇ ತಿಂಗಳು, ಯರಗುಪ್ಪಿಯ ಮನೆಯ ಹೊಸ್ತಿಲು, ಅಕ್ಕಿ ತುಂಬಿದ ಸೇರು, ಬಾಗಿದ ತಲೆಯ ಮೇಲೆ ಜಾರುತ್ತಿದ್ದ ಹೂವಿನ ದಂಡೆ. ಹತ್ತೊಂಬತ್ತರ ಹುಡುಗಿ ಇದೇ ಎರಡು ಸಾಲನ್ನು ಇಷ್ಟೇ ಸಣ್ಣಗೆ ಹೇಳಿದ್ದಳು. ಆಮೇಲೆ ಎಷ್ಟು ಸಲ ಕಾಡಿದ್ದ, ಇನ್ನೊಮ್ಮೆ ಹೇಳೇ ಎಂದು. ಒಮ್ಮೆ ಹೇಳಿದ್ದು ಸಾಕು ಎನ್ನುತ್ತಿದ್ದಳು. ಅವನಿಗೆ ಹತ್ತಿ ನೆನಪಿತ್ತು, ಬೆಳದಿಂಗಳು ನೆನಪಿತ್ತು, ಎರಡನೆಯ ಸಾಲು ಮರೆತೇಹೋಗಿತ್ತು. ಅವಳು ಸತ್ತ ಮೇಲೆ ಇನ್ನು ಆ ಸಾಲನ್ನು ಕೇಳಲು ಯಾರೂ ಇಲ್ಲವಲ್ಲ ಎಂದು ಒಬ್ಬನೇ ಎಷ್ಟೋ ಹೊತ್ತು ಕೂತದ್ದಿದೆ. ಹದಿನಾಲ್ಕು ತಿಂಗಳು, ಮಣ್ಣು ಮಾಡುವಾಗ, ದಿನಕರ್ಮದಲ್ಲಿ, ಮಂದಿಯ ನಡುವೆ ಬಾರದ ಅಳು ಈಗ ಮೂಗು ಬಾಯಿ ಎಲ್ಲದರಿಂದ ಬಂದಿತು. ಅರವತ್ತೆಂಟು ವರ್ಷದ ಗಂಡಸು ಕಲ್ಯಾಣ ಮಂಟಪದ ವೇದಿಕೆಯ ಮೇಲೆ, ಕಾಗದದ ಹೂಗಳ ಕೆಳಗೆ, ಬ್ಯಾಡ ಬ್ಯಾಡ ಎಂದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ.

ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು. ಹನಮಂತಪ್ಪ ಶಿಳ್ಳೆ ಹಾಕಿದ. “ಅಯ್ಯ, ಅಜ್ಜಾರ್ನ ಅಳಸಿಬಿಟ್ರಲ್ರಿ ಅಮ್ಮಾರ” ಎನ್ನುತ್ತ ಸುಧಾರಾಣಿ ತಾನೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಫೋಟೋ ಕೆಳಗಿಟ್ಟು, ಮಹಾನಂದಾ ಕುಬೇರಪ್ಪ ಹೊಸಮನಿ ಎಂಬ ಹೆಸರಿನ ಮುಂದೆ ಹಾಜರು ಎಂದು ಬರೆದು, ಸಿಕ್ಕಾ ಒತ್ತಿದಳು. ಕುಬೇರಪ್ಪ ಮೂಗು ಒರೆಸಿಕೊಳ್ಳುತ್ತ ಪುಸ್ತಕ ತೆಗೆದುಕೊಂಡ. ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಅದನ್ನು ಇನ್ನು ಯಾರಿಗೂ ಹೇಳಲಾರೆನೆಂದು ಅವನಿಗೆ ಅಲ್ಲೇ ಗೊತ್ತಾಯಿತು.

ಕೆಳಗೆ ಔಷಧಕ್ಕೆಂದೇ ಹಾಕಿದ್ದ ಮೇಜಿನಲ್ಲಿ ಮೂರು ತಿಂಗಳ ಗುಳಿಗೆ ಕೊಟ್ಟರು. ರಸ್ತೆಯಾಚೆಯ ಚಾದಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಈಗ ಚೀಲ ನಡುವೆ ಇರಲಿಲ್ಲ, ಅವಳ ತೊಡೆಯ ಮೇಲಿತ್ತು. ಅವಳು ಸಾಸರಿನಿಂದ ಚಾ ಹೀರುತ್ತ, ಅವನ ಕೆಂಪು ಕಣ್ಣು ನೋಡಿ, “ಅಷ್ಟ ಯಾಕ ಅತ್ತಿ? ನಾ ಗಾಬರ್‍ಯಾದೆ” ಎಂದಳು.

“ಅಕಿ ಒಡಪ ನಿನಗ ಹೆಂಗ ಗೊತ್ತು?” ಎಂದ. “ಅಕಿ ನನಗ ಸೈತ ಇನ್ನೊಮ್ಮೆ ಹೇಳಲಿಲ್ಲ.”

ಮಹಾದೇವಕ್ಕ ಸಾಸರು ಕೆಳಗಿಟ್ಟಳು. ಕೊರಳಿಗೆ ಕೈ ಹಾಕಿ ಕರಿಮಣಿ ಸರ ಬಿಚ್ಚಿ, ಗುಳಿಗೆಯ ಚೀಲಕ್ಕೇ ಹಾಕಿದಳು.

“ಅದು ಅಕೀದಲ್ಲ. ನಾ ಕಟ್ಟಿದ್ದು. ಮೊದಲ ನನ್ನ ನಿನಗ ಅಂತ ಅಪ್ಪ, ಅತ್ತಿ ಮಾತಾಡಿಕೊಂಡಿದ್ರಲ್ಲ, ಆವಾಗ. ನಿನಗ ನೌಕರಿ ಸಿಗೂದು ತಡ ಆತು, ನನ್ನ ಬ್ಯಾರೇದವರಿಗೆ ಕೊಟ್ರು. ಅಕಿ ಲಗ್ನದಾಗ ಒಂದೂ ಒಡಪ ಬರವಲ್ದು ಅಂತ ಅಳಾಕತ್ತಿದ್ಳು. ಸುಮ್ನ ನನ್ನ ಹತ್ತರ ಇತ್ತು, ಕೊಟ್ಟೆ.”

ಅಂಥ ಮಾತು ಮನೆಯಲ್ಲಿ ನಡೆದಿತ್ತೆಂದು ಕುಬೇರಪ್ಪನಿಗೆ ಗೊತ್ತಿತ್ತು. ಸೋದರಮಾವನ ಹಿರಿಮಗಳನ್ನು ಅಳಿಯನಿಗೆ ಎನ್ನುವುದು ಎಲ್ಲ ಮನೆಗಳಲ್ಲೂ ಆಡುವ ಮಾತು, ಆಡಿ ಬಿಡುವ ಮಾತು. ಅದನ್ನು ಒಬ್ಬ ಹುಡುಗಿ ಕೇಳಿಸಿಕೊಂಡು ಹತ್ತಿಯ ಹೊಲದಲ್ಲಿ ಕೂತು ಸಾಲು ಹೊಸೆದಿದ್ದಳೆಂಬುದು ಈ ಐವತ್ತು ವರ್ಷದಲ್ಲಿ ಅವನ ತಲೆಗೆ ಹೊಳೆದೇ ಇರಲಿಲ್ಲ. ಅವಳ ಕಡೆ ನೋಡಬೇಕೋ ಬೇಡವೋ ತಿಳಿಯದೆ ರಸ್ತೆಯ ಕಡೆ ನೋಡಿದ. ಚಾ ಆರುತ್ತಿತ್ತು.

“ಮತ್ತ ನಿನ್ನ ಲಗ್ನದಾಗ ಏನ್ ಹೇಳಿದಿ?” ಎಂದು ಕೇಳಿದ.

ಮಹಾದೇವಕ್ಕ ಗುಲಾಬಿ ಗುಳಿಗೆಯೊಂದನ್ನು ಪಟ್ಟಿಯಿಂದ ಒತ್ತಿ ಅಂಗೈಗೆ ಬೀಳಿಸಿಕೊಂಡಳು.

“ಬ್ಯಾರೆ ಕಟ್ಟಿದೆ” ಎಂದಳು. “ಅದು ಇಷ್ಟ ಛಂದ ಕೂಡಲಿಲ್ಲ.”

ಗುಳಿಗೆ ಬಾಯಿಗೆ ಹಾಕಿಕೊಂಡು, ಕತ್ತು ಎತ್ತಿ, ನೀರು ಕುಡಿದಳು.